ಇಪ್ಪತ್ತರ ಲೆಕ್ಕ

ಇಳಿಜಾರಿನ ನಡುವೆ ಟಣ್ ಎಂದಿತು.
ಗೊತ್ತಾಯಿತು. ಹಿಂದಿನ ಗಾಲಿ, ಗೇರಿನ ಕಡೆಯ ಕಡ್ಡಿ.
ಮಾರ್ಚಿನಿಂದ ಇದು ಹನ್ನೊಂದನೆಯದು.
ಮುರಿದದ್ದನ್ನು ಪಕ್ಕದ ಕಡ್ಡಿಗೆ ಸುತ್ತಿ,
ಚೌಕಟ್ಟಿಗೆ ಉಜ್ಜುವ ಟಯರನ್ನು ಬೈಯುತ್ತ
ಬ್ಲೈನಾದ ಬೂದು ಸ್ಲೇಟುಗುಡ್ಡೆಗಳ ನಡುವೆ
ತಳ್ಳಿಕೊಂಡು ಇಳಿದೆ
ಆರು ಸಾವಿರ ಪೌಂಡಿನ ಸೈಕಲ್ಲನ್ನು,
ಕುಂಟುವ ಕುರಿಯ ಹಾಗೆ.

ಅಂಗಡಿಯಲ್ಲಿ ತೆಗ್ವೆನ್ ಏನೂ ಕೇಳಲಿಲ್ಲ.
ಸ್ಟ್ಯಾಂಡಿಗೇರಿಸಿ ಕಡ್ಡಿಗಳನ್ನು ಒಂದೊಂದಾಗಿ ಮೀಟಿದಳು,
ತಲೆ ಓರೆ ಮಾಡಿ ಆಲಿಸಿದಳು.
"ಇದು ಸಡಿಲ. ಇದೂ. ಇದು ನಾಳೆ ಹೋಗುತ್ತದೆ."

ಶಾಕಿನಲ್ಲಿ ಗಾಳಿ ಮುನ್ನೂರೈವತ್ತು, ಆಚೆಗೆ ಕೆಂಪು ಗೆರೆ.
ಅಷ್ಟು ತುಂಬಿದರೂ ನಾನು ಕೂತರೆ
ಹಳೇ ಸೋಫಾದಂತೆ ನಿಟ್ಟುಸಿರಿಟ್ಟು ಕುಸಿಯುತ್ತದೆ.
ಸೀಟಿನ ಕಂಬಿ ಎಡಕ್ಕೆ ಬಾಗಿದೆ.
ಪೆಡಲಿನ ಬೇರಿಂಗು ಏರಿನುದ್ದಕ್ಕೂ ನನ್ನ ಮೇಲೆ ದೂರು ಹೇಳುತ್ತದೆ.
ಬ್ರೇಕಿನ ಪ್ಯಾಡಿಗೆ ಮೂರು ವಾರ ಆಯುಸ್ಸು.
ಜೊತೆಗೆ ಬರುವ ಇಡ್ರಿಸ್, ಅರವತ್ತು ಕಿಲೋದ ಕಡ್ಡಿ ಪೈಲ್ವಾನ,
ಅವನಿಗೆ ಒಂದು ಜೊತೆ ಎರಡು ವರ್ಷ.
"ನೀನು ಬ್ರೇಕು ಜಾಸ್ತಿ ಹಿಡಿಯುತ್ತೀ" ಅನ್ನುತ್ತಾನೆ.
ಹಿಡಿಯದಿದ್ದರೆ ಪೋರ್ಥ್‌ಮಡೋಗ್ ದಾಟಿ
ಸಮುದ್ರದಲ್ಲೇ ನಿಲ್ಲುತ್ತೇನಲ್ಲ, ಮಾರಾಯ.

ಕಂಪನಿಯಿಂದ ಕಾಗದ ಬಂತು:
ಸವಾರನ ತೂಕ ನೂರಿಪ್ಪತ್ತು ಕಿಲೋ ಮೀರದಿದ್ದಲ್ಲಿ
ಗ್ಯಾರಂಟಿ ಅನ್ವಯಿಸುತ್ತದೆ.
ತಮ್ಮ ತೂಕ ತಿಳಿಸಿ, ಪುರಾವೆ ಲಗತ್ತಿಸಿ.
ಕೊಳ್ಳುವ ದಿನ ಯಾರೂ ಕೇಳಿರಲಿಲ್ಲ.
ಅವತ್ತು ನಾನು ತೂಕದ ಮನುಷ್ಯ;
ಕಾಫಿ ಕೊಟ್ಟಿದ್ದರು.

ತೂಕ ಹೇಳುವುದೇ ನನ್ನ ಕೆಲಸ.
ಕ್ವಾರಿಯ ಬಾಗಿಲಲ್ಲಿ ಲಾರಿ ತೂಗುವ ಕಟ್ಟೆ,
ಪಕ್ಕದಲ್ಲೊಂದು ಕಿಟಕಿ,
ಕಿಟಕಿಯಲ್ಲಿ ಹತ್ತೊಂಬತ್ತು ವರ್ಷದಿಂದ ನಾನು.
ಆ ಕಟ್ಟೆಗೆ ಇಪ್ಪತ್ತು ಕಿಲೋದ ಕೆಳಗೆ ಕಣ್ಣು ಕಾಣದು.
ಹತ್ತಿರದ ಇಪ್ಪತ್ತಕ್ಕೆ ಏರಿಸಿಯೋ ಇಳಿಸಿಯೋ
ಚೀಟಿ ಹರಿದುಕೊಡುತ್ತದೆ.
ನನ್ನಜ್ಜಿ ಕುರಿ ಎಣಿಸುತ್ತಿದ್ದದ್ದೂ ಇಪ್ಪತ್ತರ ಲೆಕ್ಕದಲ್ಲೇ:
ಎರಡಿಪ್ಪತ್ತು, ಮೂರಿಪ್ಪತ್ತು,
ಮೂರಿಪ್ಪತ್ತರ ಮೇಲೆ ಒಂದು ತುಂಟ.

ಶುಕ್ರವಾರ ಕೊನೆಯ ಲಾರಿ ಹೋದ ಮೇಲೆ
ಕಟ್ಟೆಯ ಮೇಲೆ ನಿಂತೆ. ಬೂಟು ಬಿಚ್ಚಲಿಲ್ಲ.
ಮನೆಯ ಬಚ್ಚಲಿನ ಯಂತ್ರಕ್ಕೆ ನಾನು ನೂರಿಪ್ಪತ್ತೇಳು.
ಸರ್ಕಾರಿ ಮುದ್ರೆಯಿರುವ ಕಟ್ಟೆಗೆ
೧೨೦.
ಪೊರಕೆಯ ಹಿಡಿ ಕಿಟಕಿಯೊಳಗೆ ತೂರಿಸಿ ಗುಂಡಿ ಒತ್ತಿದೆ,
ಪೊರಕೆಯ ತೂಕವೂ ಸೇರಿ
ಚೀಟಿ ಬಂತು.
ಸೈಕಲ್ಲೊಂದನ್ನೇ ಇಟ್ಟೆ: ೨೦.
ಇಬ್ಬರೂ ನಿಂತೆವು: ೧೪೦.
ಲೆಕ್ಕ ಎಲ್ಲ ಕಡೆಯಿಂದಲೂ ಸರಿಹೋಯಿತು.
ಆ ಏಳು ಕಿಲೋ ಎಲ್ಲಿ ಅಡಗಿತ್ತೆಂದು
ಕಡ್ಡಿಗಳಿಗೆ ಮಾತ್ರ ಗೊತ್ತು.

ಚೀಟಿ ಮಡಿಸಿ ಲಕೋಟೆಗೆ ಹಾಕಿದೆ.
ಅಂಚಿಗೆ ನಾಲಿಗೆ ತಾಗಿಸುವಾಗ ಎಮ್ರಿಸ್ ನೆನಪಾದ.
ಜನವರಿಯಲ್ಲಿ ಕಿಟಕಿಗೆ ಒರಗಿ ಅಂದಿದ್ದ:
"ನಲವತ್ತು ಕಿಲೋ ಅಷ್ಟೇ, ಬ್ಲೆದಿನ್. ಕಣ್ಣು ಮುಚ್ಚು."
ಆಲಿಕಲ್ಲು ಬೀಳುತ್ತಿತ್ತು.
ಎರಡು ಚಪ್ಪಡಿ ಇಳಿಸಿದ ಮೇಲೇ ಬಿಟ್ಟಿದ್ದೆ.
ಕ್ಯಾಬಿನ್ನಿನಿಂದ ನನ್ನ ಬಗ್ಗೆ ಏನೋ ಹಗುರವಾಗಿ ಆಡಿದ;
ನನ್ನ ಬಗ್ಗೆ ಹಗುರವಾದದ್ದು ಅದೊಂದೇ.

ಸೋಮವಾರ ಬೇರೆ ಕಾಗದದಲ್ಲಿ ಬರೆದೆ: ನೂರಿಪ್ಪತ್ತೇಳು.
ಕೈ ನಡುಗಲಿಲ್ಲ. ಕಿವಿ ಬಿಸಿಯಾಯಿತು.

ತೆಗ್ವೆನ್ ಈಗ ಹೊಸ ಗಾಲಿ ಕಟ್ಟುತ್ತಿದ್ದಾಳೆ,
ಇಬ್ಬರು ತುಳಿಯುವ ಸೈಕಲ್ಲಿಗೆಂದು ಮಾಡಿದ ರಿಮ್ಮು,
ಮೂವತ್ತಾರು ಕಡ್ಡಿ,
ಮುನ್ನೂರ ಹತ್ತು ಪೌಂಡು, ನನ್ನದೇ ಕಿಸೆ.
"ಎಷ್ಟು ದಿನ ತಡೆದೀತು?"
ಮೀಟಿದಳು. ಕಿವಿಗೊಟ್ಟಳು.
ಕೀಲಿ ಕಾಲುಸುತ್ತು ತಿರುಗಿಸಿ ಮತ್ತೆ ಮೀಟಿದಳು.
"ನೀನು ಹಾರುತ್ತೀಯಾ?"

ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ.
"ಒಂದೇ ಕಡೆ" ಅಂದೆ.
"ಪೈನ್ ಮರ ಮುಗಿಯುವಲ್ಲಿ ಒಂದು ಬೇರಿದೆ.
ಒಂದು ಗೇಣು. ಹೆಚ್ಚೆಂದರೆ ಒಂದೂವರೆ."

"ಹಾಗಾದರೆ ನಲವತ್ತು" ಅಂದು
ಕಟ್ಟಿದ್ದನ್ನು ಬಿಚ್ಚತೊಡಗಿದಳು.